ಗುಂಡಿ ಡಬ್ಬಕ್ಕೇ ನನ್ನ ಮತ: ಮಗುವಿಗೆ ವಿಂಗಡಣೆ ಕಲಿಸುವ ಆಟಿಕೆಗಳ ಹೋಲಿಕೆ

ಇದು ನಿಷ್ಪಕ್ಷಪಾತ ಹೋಲಿಕೆಯಲ್ಲ, ಮೊದಲೇ ಹೇಳಿಬಿಡುತ್ತೇನೆ. ಕಾಸರಗೋಡು ಪೇಟೆಯಲ್ಲಿ ಹೊಲಿಗೆ ಸಾಮಾನು ಮಾರುವ ಅಂಗಡಿಯೊಂದರಲ್ಲಿ ಜೊತೆ ತಪ್ಪಿದ ಗುಂಡಿಗಳನ್ನು ತೂಕಕ್ಕೆ ಕೊಡುತ್ತಾರೆ. ಅಲ್ಲಿಂದ 180 ರೂಪಾಯಿಗೆ ತಂದ ಕಾಲು ಕಿಲೋ ಗುಂಡಿ, ಅದಕ್ಕಿಂತ ಮೊದಲೂ ಆಮೇಲೂ ನಮ್ಮ ಮನೆಗೆ ಬಂದ ಅಷ್ಟೂ ಆಟಿಕೆಗಳನ್ನು ಸೋಲಿಸಿದೆ. ಹಾಗಾಗಿ ಕೆಳಗಿನದನ್ನೆಲ್ಲ ಗುಂಡಿಯ ಪಕ್ಷಪಾತಿಯೊಬ್ಬನ ಮಾತೆಂದು ತಿಳಿದೇ ಓದಬೇಕು. ಗುಂಡಿಯಲ್ಲೂ ಒಂದು ದೊಡ್ಡ ಅಪಾಯವಿದೆ. ಅದನ್ನು ಮುಚ್ಚಿಡುವುದಿಲ್ಲ, ಸರದಿ ಬಂದಾಗ ಬರೆಯುತ್ತೇನೆ.

ಇನ್ನೊಂದು ಪಕ್ಷಪಾತ ನನ್ನ ಕೆಲಸದ್ದು. ನಾನು ಬದಿಯಡ್ಕದ ಕಡೆ ಅಡಿಕೆ ಅಂಗಡಿಯಲ್ಲಿರುವವನು, ವಿಂಗಡಿಸುವುದರಿಂದಲೇ ಅನ್ನ. ಒಂದೇ ರಾಶಿ ಚಾಲಿಯನ್ನು, ಅಂದರೆ ಒಣಗಿಸಿ ಸುಲಿದ ಅಡಿಕೆಯನ್ನು, ಹೊಸತೋ ಹಳತೋ ಎಂದು ಒಂದು ಸಲ ನೋಡುತ್ತೇವೆ, ಗಾತ್ರಕ್ಕೆ ಇನ್ನೊಂದು ಸಲ, ಪಟೋರ, ಉಳ್ಳಿಗಡ್ಡೆ, ಕೋಕ, ಕರಿಗೋಟು ಎಂದು ಗುಣಕ್ಕೆ ಮತ್ತೊಂದು ಸಲ (ಇವೆಲ್ಲ ಒಂದಲ್ಲ ಒಂದು ಊನವಿರುವ ಅಡಿಕೆಯ ದರ್ಜೆಗಳು). ಹೊಸದಾಗಿ ಸೇರಿದ ಹುಡುಗರು ಎಡವುವುದು ಅಲ್ಲೇ. ಗಾತ್ರಕ್ಕೆ ಆಯಲು ಕೂತವನು ತನಗೇ ಗೊತ್ತಿಲ್ಲದೆ ಬಣ್ಣದ ಕಡೆ ಜಾರುತ್ತಾನೆ, ಮಧ್ಯಾಹ್ನದೊಳಗೆ ರಾಶಿ ಅದೂ ಅಲ್ಲ ಇದೂ ಅಲ್ಲ ಎಂಬಂತಾಗಿರುತ್ತದೆ. ಆದ್ದರಿಂದ ಯಾವ ಆಟಿಕೆ ಕಂಡರೂ ನಾನು ಕೇಳುವ ಪ್ರಶ್ನೆ ಒಂದೇ: ಒಮ್ಮೆ ವಿಂಗಡಿಸಿ ಮುಗಿಸಿದ ಮೇಲೆ ಅವೇ ವಸ್ತುಗಳನ್ನು ಮತ್ತೆ ಕೂಡಿಸಿ, ಬೇರೆ ಲೆಕ್ಕದಲ್ಲಿ ವಿಂಗಡಿಸಲು ಬರುತ್ತದೆಯೇ?

ಮಗಳಿಗೆ ನಾಲ್ಕು ದಾಟಿದೆ. ತಮ್ಮನ ಮಗನಿಗೆ ಇನ್ನೂ ಎರಡು ತುಂಬಿಲ್ಲ, ಇಬ್ಬರೂ ಅದೇ ಚಾವಡಿಯಲ್ಲಿ ಬೆಳೆಯುತ್ತಿರುವವರು. ಅಂಗನವಾಡಿಯ ಟೀಚರು ಹೆತ್ತವರ ಸಭೆಯಲ್ಲಿ, ಅಕ್ಷರ ತಿದ್ದಿಸುವ ಅವಸರ ಬೇಡ, ಒಂದೇ ಬಗೆಯವನ್ನು ಒಟ್ಟು ಮಾಡುವ ಆಟ ಆಡಿಸಿ ಎಂದಿದ್ದರು. ಎಷ್ಟು ಹಸು ಇವೆ ಎಂದು ಎಣಿಸಬೇಕಾದರೆ ಯಾವುದು ಹಸು, ಯಾವುದು ಅಲ್ಲ ಎಂಬುದು ಮೊದಲು ತೀರ್ಮಾನವಾಗಿರಬೇಕಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಕರೆದು, ಅಲ್ಲಿ ಆಟವೇ ಪಾಠ ಎನ್ನುತ್ತದೆ. ಆ ಮಾತನ್ನು ಮುಂದಿಟ್ಟುಕೊಂಡು ಮಾರುವ ಡಬ್ಬಗಳಿಗೆ ಈಗ ಲೆಕ್ಕವಿಲ್ಲ. ನಮ್ಮ ಮನೆಗೂ ಕೆಲವು ಬಂದವು.

ಬಣ್ಣದ ಕರಡಿಗಳು

ಆನ್‌ಲೈನಿನಲ್ಲಿ 749 ರೂಪಾಯಿ. ಹೆಬ್ಬೆರಳ ಗಾತ್ರದ ಪ್ಲಾಸ್ಟಿಕ್ ಕರಡಿಗಳು, ಆರು ಬಣ್ಣ, ಅವೇ ಆರು ಬಣ್ಣದ ಲೋಟಗಳು, ಒಂದು ಚಿಮಟ. ಕೆಂಪು ಕರಡಿ ಕೆಂಪು ಲೋಟಕ್ಕೆ, ಹಸಿರು ಕರಡಿ ಹಸಿರು ಲೋಟಕ್ಕೆ.

ರಗಳೆ ಶುರುವಾದದ್ದು ಕಿತ್ತಳೆಯಿಂದ. ಕಿತ್ತಳೆ ಕರಡಿ ಕೆಂಪಿನ ಕಡೆ ವಾಲಿತ್ತು, ಕಿತ್ತಳೆ ಲೋಟ ಹಳದಿಯ ಕಡೆ. ಎರಡೂ ಒಂದೇ ಕಾರ್ಖಾನೆಯಿಂದ ಬಂದವೋ ಅಲ್ಲವೋ ದೇವರೇ ಬಲ್ಲ. ಮಗಳು ಕರಡಿಯನ್ನು ಎತ್ತಿ ಕಿತ್ತಳೆ ಲೋಟದ ಬಾಯಿಗೆ ಹಿಡಿದು ನೋಡಿದಳು, ಅಲ್ಲವೆಂದು ತಲೆಯಾಡಿಸಿದಳು, ಕೆಂಪು ಲೋಟಕ್ಕೆ ಹಾಕಿದಳು. ಕೊನೆಗೆ ಕಿತ್ತಳೆ ಲೋಟ ಖಾಲಿ ಉಳಿಯಿತೆಂದು ಹಳದಿ ಕರಡಿಗಳಲ್ಲಿ ಅರ್ಧವನ್ನು ಅದಕ್ಕೆ ಸುರಿದಳು. ಅಮ್ಮ ತಿದ್ದಿದಳು. ಇವಳು ಮತ್ತೆ ಹಾಗೆಯೇ ಹಾಕಿದಳು. ಮತ್ತೊಮ್ಮೆ ತಿದ್ದಿದಾಗ ಅಳು, ಲೋಟ ಚಾವಡಿಯಿಂದ ಅಂಗಳಕ್ಕೆ.

ಅಂಗಳಕ್ಕೆ ಬಿದ್ದದ್ದು ಒಳ್ಳೆಯದೇ ಆಯಿತು. ಅಡಿಕೆಯ ಬಣ್ಣವನ್ನು ನಾವು ಟ್ಯೂಬ್‌ಲೈಟಿನ ಕೆಳಗೆ ಎಂದೂ ತೀರ್ಮಾನಿಸುವುದಿಲ್ಲ, ಕೈಯಲ್ಲಿ ಹಿಡಿದು ಅಂಗಡಿಯ ಬಾಗಿಲಿಗೆ ಬರುತ್ತೇವೆ. ಕರಡಿಯನ್ನೂ ಲೋಟವನ್ನೂ ಹಗಲ ಬೆಳಕಿನಲ್ಲಿ ಅಕ್ಕಪಕ್ಕ ಹಿಡಿದು ನೋಡಿದರೆ ಮಗಳದ್ದೇ ಸರಿ. ಆ ಕರಡಿಗೆ ಹತ್ತಿರದ ಬಣ್ಣ ಕೆಂಪು ಲೋಟದ್ದೇ. ಅಂದರೆ ಸರಿಯಾಗಿ ನೋಡಿದ ಮಗುವಿಗೆ ತಪ್ಪು ಎಂದು ಹೇಳಿಸುವ ಆಟಿಕೆ ಇದು. ಮಳೆಗಾಲದಲ್ಲಿ ಕೇಳುವುದೇ ಬೇಡ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರು, ಸಂಜೆ ನಾಲ್ಕಕ್ಕೇ ಮನೆಯೊಳಗೆ ಕತ್ತಲು, ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. ಆ ಬೆಳಕಿನಲ್ಲಿ ನೀಲಿ ಕರಡಿಯೂ ನೇರಳೆ ಕರಡಿಯೂ ಒಂದೇ ತಾಯಿಯ ಮಕ್ಕಳು.

ಮಾರಿದವರಿಗೆ ಫೋಟೊ ಸಮೇತ ಬರೆದೆ. ಮೊಬೈಲ್ ಪರದೆಯಲ್ಲಿ ಕಾಣುವ ಬಣ್ಣಕ್ಕೂ ನಿಜವಾದ ಬಣ್ಣಕ್ಕೂ ವ್ಯತ್ಯಾಸವಿರಬಹುದು ಎಂದು ಉತ್ತರ ಬಂತು. ಕರಡಿ ಪರದೆಯಲ್ಲಿಲ್ಲ, ನನ್ನ ಅಂಗೈಯಲ್ಲಿದೆ ಎಂದು ಬರೆದೆ. ಹಾಗಾದರೆ ಹಿಂದಕ್ಕೆ ಕಳಿಸಿ ಎಂದರು. ಕಳಿಸಲು ಹೊರಟರೆ, ನಿಮ್ಮ ಪಿನ್‌ಕೋಡಿನಿಂದ ವಾಪಸು ಪಡೆಯುವ ಸೌಲಭ್ಯವಿಲ್ಲ ಎಂಬ ಸಾಲು! 671ರಿಂದ ಶುರುವಾಗುವ ಪಿನ್‌ಕೋಡಿಗೆ ಸಾಮಾನು ತಂದುಕೊಡಲು ಇವರಿಗೆ ದಾರಿ ಗೊತ್ತಿದೆ, ಒಯ್ಯಲು ಗೊತ್ತಿಲ್ಲ. ನೀವೇ ಕೊರಿಯರ್ ಮಾಡಿ, ನೂರು ರೂಪಾಯಿಯವರೆಗೆ ಖರ್ಚು ಕೊಡುತ್ತೇವೆ ಎಂದರು. ಕೊರಿಯರಿನವನು ಕೇಳಿದ್ದು ಅದಕ್ಕಿಂತ ಹೆಚ್ಚು. ಅಲ್ಲಿಗೆ ನಾನೂ ಕೈಬಿಟ್ಟೆ, ಅವರೂ ಕೈಬಿಟ್ಟರು. ಡಬ್ಬದ ಬೆನ್ನಿಗೆ ಐಎಸ್‌ಐ ಗುರುತೂ ಇರಲಿಲ್ಲ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಮಕ್ಕಳ ಆಟಿಕೆಗಳಿಗೆ ಅದು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೂ ಚನ್ನಪಟ್ಟಣದಂಥ ಭೌಗೋಳಿಕ ಸೂಚಿಯ ಆಟಿಕೆಗಳಿಗೂ ವಿನಾಯಿತಿ ಇದೆ, ಈ ಕರಡಿಗಳು ಎರಡೂ ಪೈಕಿಯವಲ್ಲ.

ಬಣ್ಣ ಸರಿಯಿದ್ದಿದ್ದರೂ ಇದಕ್ಕೆ ನನ್ನಿಂದ ಹೆಚ್ಚು ಅಂಕ ಸಿಗುತ್ತಿರಲಿಲ್ಲ. ಲೋಟದ ಬಣ್ಣವೇ ಉತ್ತರವನ್ನು ಹೇಳಿಕೊಡುತ್ತದೆ. ಮಗು ಜೋಡಿ ಹುಡುಕಿದರೆ ಸಾಕು, ಯಾವ ಲೆಕ್ಕದಲ್ಲಿ ಗುಂಪು ಮಾಡಬೇಕೆಂದು ಯೋಚಿಸಬೇಕಾಗಿಲ್ಲ. ಕರಡಿಗಳ ನಡುವೆ ಬಣ್ಣ ಬಿಟ್ಟರೆ ಬೇರೆ ಭೇದವೂ ಇಲ್ಲ, ಎಲ್ಲವೂ ಒಂದೇ ಗಾತ್ರ, ಒಂದೇ ತೂಕ, ಒಂದೇ ಮುಖ. ಈ ವಯಸ್ಸಿನ ಮಕ್ಕಳಿಗೆ ಕಷ್ಟವಾಗುವುದು ಲೆಕ್ಕ ಬದಲಿಸುವುದು. ಫಿಲಿಪ್ ಜೆಲಾಜೊ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ಕೆನಡಾದಲ್ಲಿ 1990ರ ದಶಕದಲ್ಲಿ ಮಕ್ಕಳಿಗೆ ಮೊಲ, ದೋಣಿಗಳ ಚಿತ್ರವಿರುವ ಕೆಂಪು, ನೀಲಿ ಕಾರ್ಡುಗಳನ್ನು ಕೊಟ್ಟು ಪರೀಕ್ಷಿಸಿದ್ದರು. ಮೂರು ವರ್ಷದವರು ಬಣ್ಣಕ್ಕೆ ಸರಿಯಾಗಿ ಹಾಕುತ್ತಾರೆ. ಈಗ ಬಣ್ಣ ಬೇಡ, ಚಿತ್ರ ನೋಡಿ ಹಾಕು ಎಂದರೆ ಹೊಸ ನಿಯಮವನ್ನು ಬಾಯಲ್ಲಿ ಸರಿಯಾಗಿಯೇ ಹೇಳುತ್ತಾರೆ, ಕೈ ಮಾತ್ರ ಹಳೆಯ ಬಣ್ಣದ ಕಡೆಗೇ ಹೋಗುತ್ತದೆ. ಐದರ ಹೊತ್ತಿಗೆ ಹೆಚ್ಚಿನವರಿಗೆ ಬದಲಿಸಲು ಬರುತ್ತದೆ. ಇದನ್ನು ಓದಿದಾಗ ನನಗೆ ನಮ್ಮ ಅಂಗಡಿಯ ಹುಡುಗರ ನೆನಪಾಯಿತು. ಕರಡಿ ಡಬ್ಬದಲ್ಲಿ ಈ ಬದಲಿಸುವ ಅಭ್ಯಾಸಕ್ಕೆ ಜಾಗವೇ ಇಲ್ಲ.

ಮಗಳು ಮಾತ್ರ ಕರಡಿಗಳನ್ನು ಪೂರ್ತಿ ಬಿಡಲಿಲ್ಲ. ಸಾಲಾಗಿ ನಿಲ್ಲಿಸಿ ಮದುವೆ ದಿಬ್ಬಣ ಹೊರಡಿಸುತ್ತಾಳೆ. ಗುಂಪು ಮಾಡು ಎಂದು ಕೊಟ್ಟ ಚೂರುಗಳಿಂದ ಸಣ್ಣ ಮಕ್ಕಳು ಸಾಲು ಕಟ್ಟುವುದನ್ನು, ಮನೆ ಮಾಡುವುದನ್ನು ಮಕ್ಕಳ ಮನಶ್ಶಾಸ್ತ್ರಜ್ಞರಾದ ಪಿಯಾಜೆ ಮತ್ತು ಇನ್ಹೆಲ್ಡರ್ ಹಿಂದೆಯೇ ಗಮನಿಸಿದ್ದರು. ಅದಕ್ಕೆ ಬೈಯಬೇಕಾಗಿಲ್ಲ.

ಆಕಾರ ತೂರಿಸುವ ಮರದ ಪೆಟ್ಟಿಗೆ

ಮಂಗಳೂರಿನಿಂದ ತಂದದ್ದು, 450 ರೂಪಾಯಿ. ತ್ರಿಕೋನ ತ್ರಿಕೋನದ ತೂತಿನಲ್ಲಿ, ವೃತ್ತ ವೃತ್ತದ ತೂತಿನಲ್ಲಿ. ತಪ್ಪಾದರೆ ಪೆಟ್ಟಿಗೆಯೇ ಒಳಗೆ ಬಿಡುವುದಿಲ್ಲ, ದೊಡ್ಡವರು ಬಾಯಿ ಹಾಕಬೇಕಾಗಿಲ್ಲ. 1907ರಲ್ಲಿ ರೋಮಿನಲ್ಲಿ ಶಿಶುಮಂದಿರ ತೆರೆದ ಮಾರಿಯಾ ಮಾಂಟೆಸ್ಸೊರಿ ತಮ್ಮ ಸಾಮಗ್ರಿಗಳಲ್ಲಿ ಬಯಸಿದ್ದೂ ಇದನ್ನೇ, ತಪ್ಪನ್ನು ವಸ್ತುವೇ ತೋರಿಸಿಕೊಡಬೇಕು. ಎರಡು ವರ್ಷದೊಳಗಿನವರಿಗೆ ಇದು ಬಲು ಚೆನ್ನ, ತಮ್ಮನ ಮಗ ಗಂಟೆಗಟ್ಟಲೆ ಕುಟ್ಟುತ್ತಾನೆ. ನಾಲ್ಕು ವರ್ಷದವಳು ಮುಚ್ಚಳ ತೆಗೆದು ಎಲ್ಲವನ್ನೂ ಒಮ್ಮೆಗೇ ಒಳಗೆ ಸುರಿದು, ಮುಗಿಯಿತು ಎಂದಳು. ಆಕೆಯ ದಾರಿಯೇ ಹತ್ತಿರದ್ದು.

ಚಿತ್ರದ ಕಾರ್ಡುಗಳು

320 ರೂಪಾಯಿ. ಹಣ್ಣು, ತರಕಾರಿ, ವಾಹನ, ಸಾಕುಪ್ರಾಣಿ, ಮೃಗಾಲಯದ ಪ್ರಾಣಿ ಎಂದು ಮೊದಲೇ ತೀರ್ಮಾನವಾದ ಪಂಗಡಗಳು. ಹಣ್ಣಿನಲ್ಲಿ ಸ್ಟ್ರಾಬೆರಿ ಇದೆ, ಕಿವಿ ಹಣ್ಣಿದೆ, ಹಲಸು ಇಲ್ಲ. ಮೃಗಾಲಯದ ಪಂಗಡದಲ್ಲಿ ನವಿಲು, ಮಂಗ, ಹಾವು ಇವೆ. ನಮ್ಮ ತೋಟದಲ್ಲಿ ಬೆಳಗಾದರೆ ನವಿಲು ಕೂಗುತ್ತದೆ, ಮಂಗ ಎಳನೀರು ಕೆಡವುತ್ತದೆ, ಹಾವಿನ ವಿಷಯ ಬೇಡ. ಮಗಳು ಮೂರನ್ನೂ ಹಸುವಿನ ಜೊತೆಗಿಟ್ಟಳು. ಡಬ್ಬದ ಪ್ರಕಾರ ಮೂರೂ ತಪ್ಪು. ಮೃಗಾಲಯವನ್ನೇ ನೋಡದ ಮಗುವಿಗೆ ಅದೊಂದು ಪಂಗಡವಾಗುವುದಾದರೂ ಹೇಗೆ?

ಇದೇ ಕಾರ್ಡುಗಳಿಂದ ನನಗೊಂದು ಲಾಭವಾಯಿತು. ಬಿಳಿ ಕಾಗದದ ತುಂಡುಗಳಲ್ಲಿ ನಾನೇ ಹಲಸು, ಮಾವು, ಕತ್ತಿ, ಸುತ್ತಿಗೆ ಬರೆದು ಸೇರಿಸಿದೆ. ಹಣ್ಣು ಒಂದು ಕಡೆ, ಸಲಕರಣೆ ಒಂದು ಕಡೆ ಬರುತ್ತದೆಂದು ನನ್ನ ಎಣಿಕೆ. ಮಗಳು ಕತ್ತಿಯನ್ನು ಹಲಸಿನ ಪಕ್ಕಕ್ಕಿಟ್ಟಳು, ಕತ್ತಿಯಿಲ್ಲದೆ ಹಲಸು ತಿನ್ನುವುದು ಹೇಗೆ ಎಂದು ನನ್ನನ್ನೇ ಕೇಳಿದಳು. ಸೋವಿಯತ್ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ 1931-32ರಲ್ಲಿ ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋಗಿ, ಶಾಲೆ ಕಾಣದ ದೊಡ್ಡವರ ಮುಂದೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿಯ ಚಿತ್ರಗಳನ್ನಿಟ್ಟು ಸೇರದ್ದನ್ನು ತೆಗೆಯಿರಿ ಎಂದಿದ್ದರು. ಅವರು ದಿಮ್ಮಿಯನ್ನು ತೆಗೆಯಲು ಒಪ್ಪಲಿಲ್ಲ. ದಿಮ್ಮಿಯಿಲ್ಲದಿದ್ದರೆ ಗರಗಸಕ್ಕೆ ಏನು ಕೆಲಸ? ಬಳಕೆಯ ಲೆಕ್ಕವೂ ಒಂದು ಲೆಕ್ಕವೇ. ಮಗುವಿಗೆ ಎರಡೂ ಗೊತ್ತಿರಬೇಕು, ಯಾವಾಗ ಯಾವುದು ಎಂಬುದೂ ಗೊತ್ತಿರಬೇಕು. ಆದರೆ ಕಾರ್ಡು ಒಂದನ್ನೇ ಸರಿ ಎನ್ನುತ್ತದೆ.

ಮೊಬೈಲ್ ಆಟ

ಖರ್ಚಿಲ್ಲ. ತಪ್ಪು ಬುಟ್ಟಿಗೆ ಎಳೆದರೆ ಹಣ್ಣು ತಾನೇ ಹಿಂದಕ್ಕೆ ಹಾರುತ್ತದೆ, ಆದ್ದರಿಂದ ಮಗು ಕಣ್ಣುಮುಚ್ಚಿ ಎಳೆದರೂ ಕೊನೆಗೆ ಚಪ್ಪಾಳೆ ಗ್ಯಾರಂಟಿ, ಆಮೇಲೆ ಜಾಹೀರಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ ಎಂದಿದೆ. ಇದ್ದ ಒಂದು ಗಂಟೆಯನ್ನು ಇದಕ್ಕೆ ಸುರಿಯುವುದು ದಂಡ. ಅಳಿಸಿಹಾಕಿದೆ.

ಮನೆಯ ಕಾಳು, ಬೀಜ, ಅಡಿಕೆ

ಅತ್ತೆಯವರದು ಈ ಪಕ್ಷ. ಕಡಲೆ, ಹೆಸರು, ಅಲಸಂಡೆ ಬೆರೆಸಿ ಮೊರದಲ್ಲಿ ಹಾಕಿಕೊಟ್ಟರೆ ಮಕ್ಕಳು ಆಯುತ್ತಾ ಕೂರುತ್ತಿದ್ದರು, ನಿಮಗೇನು ಕೇಡು ಎನ್ನುತ್ತಾರೆ. ಮಾತು ಸುಳ್ಳಲ್ಲ. ಕಾಳು ಕೈಗೆ ಸಿಗುತ್ತದೆ, ಬಣ್ಣ, ಆಕಾರ, ನುಣುಪು ಎಲ್ಲ ಇದೆ, ಆಡಿ ಮುಗಿದ ಮೇಲೆ ತೊಳೆದು ಬೇಯಿಸಬಹುದು. ತೊಂದರೆ ಎಂದರೆ ಮಳೆಗಾಲದಲ್ಲಿ ಹುಳ ಹಿಡಿಯುತ್ತದೆ, ಬೂಸಲು ಬರುತ್ತದೆ. ಸಣ್ಣ ಕಾಳು ಮೂಗಿಗೂ ಕಿವಿಗೂ ಹೋಗುತ್ತದೆ, ಒಳಗೆ ಹೋದ ಮೇಲೆ ಒದ್ದೆಯಾಗಿ ಊದಿಕೊಳ್ಳುತ್ತದೆ.

ಇಲ್ಲೊಂದು ಎಚ್ಚರಿಕೆ. ನಮ್ಮ ಕಡೆಯ ಬೇಲಿಗಳಲ್ಲಿ ಗುಲಗಂಜಿ ಬಳ್ಳಿ ಧಾರಾಳ. ಕೆಂಪು ಕಾಳು, ತುದಿಗೆ ಕರಿ ಚುಕ್ಕಿ, ಎಂಥ ಮಗುವಿಗೂ ಆಸೆ ಹುಟ್ಟಿಸುವ ಅಂದ. ಅದರಲ್ಲಿರುವ ಅಬ್ರಿನ್ ಕಡು ವಿಷ. ಗಟ್ಟಿ ಸಿಪ್ಪೆ ಒಡೆದು ಅಗಿದರೆ ಪ್ರಾಣಕ್ಕೇ ಸಂಚಕಾರ. ಗುರುವಾಯೂರಿನ ದೇವಸ್ಥಾನದಲ್ಲಿ ಮಕ್ಕಳು ಉರುಳಿಯೊಳಗೆ ಕೈಯಿಟ್ಟು ಆಡುವುದು ಮಂಜಾಡಿ ಕಾಳಿನಲ್ಲಿ. ಅದು ಪೂರ್ತಿ ಕೆಂಪು, ಚುಕ್ಕಿ ಇಲ್ಲ, ಮರದಿಂದ ಉದುರುವುದು. ಎರಡನ್ನೂ ಒಂದೇ ಡಬ್ಬದಲ್ಲಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಕರಿ ಚುಕ್ಕಿಯದ್ದು ಮಕ್ಕಳ ಕೈಗೆ ಸಿಗುವಲ್ಲಿ ಇರಲೇಬಾರದು.

ಇನ್ನು ಅಡಿಕೆ. ಎಲ್ಲರೂ ಕೇಳುವುದು ಇದನ್ನೇ, ಅಡಿಕೆ ಅಂಗಡಿಯವನು ಮಗಳಿಗೆ ಅಡಿಕೆ ಕೊಟ್ಟರೆ ಸಾಲದೇ ಎಂದು. ಕೊಟ್ಟಿದ್ದೇನೆ. ಗಾತ್ರಕ್ಕೆ ಚೆನ್ನಾಗಿ ಆಯುತ್ತಾಳೆ. ಗುಣದ ಲೆಕ್ಕ ಅವಳಿಗೆ ಎಟುಕುವುದಿಲ್ಲ, ಎಟುಕಬೇಕಾಗಿಯೂ ಇಲ್ಲ. ದಿನವಿಡೀ ಅದನ್ನೇ ನೋಡಿ ಬಂದವನಿಗೆ ಸಂಜೆ ಮನೆಯಲ್ಲೂ ಅದೇ ರಾಶಿ ಬೇಡ.

ಅರುವತ್ತು ಚೂರಿನ ಮರದ ಸೆಟ್

ಗುಂಡಿ ಇಲ್ಲದಿದ್ದರೆ ಮೊದಲ ಸ್ಥಾನ ಇದಕ್ಕೇ. ಹಂಗೇರಿ ಮೂಲದ ಗಣಿತಜ್ಞ ಝೋಲ್ಟಾನ್ ಡೀನ್ಸ್ ಹೆಸರಿನಲ್ಲಿ ಪ್ರಸಿದ್ಧವಾದ ತರ್ಕದ ಚೂರುಗಳು. ಅವರ ಸೆಟ್ಟಿನಲ್ಲಿ ನಾಲ್ಕು ಆಕಾರ, ಮೂರು ಬಣ್ಣ, ಎರಡು ಗಾತ್ರ, ಎರಡು ದಪ್ಪ, ಒಟ್ಟು 48. ಈಗ ಅಂಗಡಿಯಲ್ಲಿ ಸಿಗುವುದರಲ್ಲಿ ಆಕಾರ ಐದು, ಆದ್ದರಿಂದ 60. ಒಂದೊಂದು ಚೂರೂ ಒಂದೊಂದೇ. ದಪ್ಪನೆಯ ದೊಡ್ಡ ಕೆಂಪು ತ್ರಿಕೋನ ಎಂದರೆ ಇಡೀ ಸೆಟ್ಟಿನಲ್ಲಿ ಇರುವುದು ಒಂದೇ. ಬಣ್ಣಕ್ಕೆ ಒಮ್ಮೆ ಹಾಕಿ, ಕೂಡಿಸಿ, ದಪ್ಪಕ್ಕೆ ಹಾಕಬಹುದು. ನನ್ನ ಪ್ರಶ್ನೆಗೆ ನೇರ ಉತ್ತರ ಇದು.

1,350 ರೂಪಾಯಿ. ಭಾವನವರ ಮನೆಯಿಂದ ಸಾಲ ತಂದು ಆಡಿಸಿದೆ, ಹಿಂದಕ್ಕೆ ಕೊಟ್ಟೆ. ಬೆಲೆಯ ವಿಷಯ ಬಿಟ್ಟರೂ ನನಗೆ ಒಂದು ಕೊರತೆ ಕಂಡಿತು. ಎಲ್ಲ ಭೇದಗಳನ್ನೂ ಮಾಡಿದವರೇ ತುಂಬಿಟ್ಟಿದ್ದಾರೆ. ನಾಲ್ಕು ಲೆಕ್ಕಗಳಿವೆ, ಐದನೆಯದು ಹುಡುಕಿದರೂ ಸಿಗುವುದಿಲ್ಲ. ಯಾವ ಚೂರೂ ಎರಡು ಪಂಗಡಗಳ ನಡುವೆ ಸಿಕ್ಕಿಬಿದ್ದು ತಲೆ ಕೆಡಿಸುವುದಿಲ್ಲ. ಲೋಕದ ರಾಶಿಗಳು ಹಾಗಿರುವುದಿಲ್ಲ ಎಂಬುದನ್ನು ಅಡಿಕೆಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪ್ರತಿ ಗೋಣಿಯಲ್ಲೂ ಪಟೋರವೋ ಒಳ್ಳೆಯದೋ ಎಂದು ಕೈಯಲ್ಲೇ ಉಳಿದುಬಿಡುವ ಅಡಿಕೆಗಳು ಇದ್ದೇ ಇರುತ್ತವೆ.

ಗುಂಡಿಗಳು

ಡಬ್ಬ ಸುರಿದರೆ ಶರಟಿನವು, ಪ್ಯಾಂಟಿನವು, ಕೋಟಿನ ದೊಡ್ಡವು, ಬಟ್ಟೆ ಸುತ್ತಿದವು, ಲೋಹದವು, ಮುತ್ತಿನ ಹೊಳಪಿನವು, ತೆಂಗಿನ ಗೆರಟೆಯಿಂದ ಮಾಡಿದವು. ತಂದ ದಿನ ಸಾಬೂನು ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿದೆವು. ಅಂಚು ಒರಟಾದ ಲೋಹದವನ್ನು ಎಸೆದೆವು. ಹಾಕಿಕೊಳ್ಳಲು ಅಡಿಕೆ ಹಾಳೆಯ ಸಣ್ಣ ಬಟ್ಟಲುಗಳು. ಮಾರುವವರು ನಮ್ಮೂರ ಸುತ್ತ ಬೇಕಾದಷ್ಟಿದ್ದಾರೆ. ಈ ಬಟ್ಟಲೇ ಅರ್ಧ ಕೆಲಸ ಮಾಡುತ್ತದೆ. ಎಲ್ಲವೂ ಒಂದೇ ಮಣ್ಣಿನ ಬಣ್ಣ, ಯಾವುದೂ ಉತ್ತರ ಹೇಳಿಕೊಡುವುದಿಲ್ಲ. ಯಾವ ಬಟ್ಟಲಿಗೆ ಏನು ಎಂಬುದು ಮಗುವಿನದೇ ನಿರ್ಧಾರ.

ಮೊದಮೊದಲು ಬಣ್ಣವೇ. ಬಿಳಿ, ಕಪ್ಪು, ಕಂದು, ಉಳಿದವು. ಆಮೇಲೆ ಒಂದು ಸಂಜೆ ನಾನು ಬಾಯಿ ಬಿಡುವ ಮೊದಲೇ ಎಲ್ಲವನ್ನೂ ಕೂಡಿಸಿ ಹೊಸದಾಗಿ ಶುರುಮಾಡಿದಳು. ಒಂದು ಬಟ್ಟಲಿನಲ್ಲಿ ಬಿಳಿ, ಕಪ್ಪು ಎರಡೂ ಬೀಳುತ್ತಿದ್ದವು. ಬಣ್ಣವಲ್ಲವೇ ಎಂದು ಕೇಳಿದೆ. ಅಲ್ಲ, ಇವು ಎರಡು ಕಣ್ಣಿನವು, ಅವು ನಾಲ್ಕು ಕಣ್ಣಿನವು ಎಂದಳು. ಬಟ್ಟೆ ಸುತ್ತಿದ ಗುಂಡಿಗೆ ಮೇಲೆ ತೂತೇ ಇಲ್ಲ. ಸ್ವಲ್ಪ ಹೊತ್ತು ತಿರುಗಿಸಿ ನೋಡಿ, ಇವು ನಿದ್ದೆ ಮಾಡುತ್ತಿವೆ ಎಂದು ಮೂರನೆಯ ಬಟ್ಟಲು ಎಳೆದುಕೊಂಡಳು. ಲೋಹದ ಗುಂಡಿಯೊಂದನ್ನು ಅಲ್ಲಿಗೇ ಹಾಕಲು ಹೋಗಿ ಕೈ ತಡೆಯಿತು, ಅದರ ಬೆನ್ನಿಗೆ ಕೊಂಡಿ ಇದೆ, ಕೊಂಡಿಯಲ್ಲಿ ತೂತಿದೆ. ಬೆನ್ನಿನಲ್ಲಿ ಕಣ್ಣಿರುವವು ಎಂದು ನಾಲ್ಕನೆಯ ಬಟ್ಟಲು. ಕೊನೆಗೆ ನಾಲ್ಕು ತೂತಿನಲ್ಲಿ ಎರಡು ಮುರಿದು ಒಂದಾಗಿ, ಈಗ ಮೂರಾಗಿರುವ ಶರಟಿನ ಗುಂಡಿ ಕೈಗೆ ಬಂತು. ನಾಲ್ಕರ ಬಟ್ಟಲಿಗೆ ಹಾಕಿ ತೆಗೆದಳು, ಎರಡರದ್ದಕ್ಕೆ ಹಿಡಿದು ನೋಡಿದಳು, ಪಕ್ಕದಲ್ಲಿ ನೆಲದ ಮೇಲೆಯೇ ಇಟ್ಟಳು. ಪೆಟ್ಟಾದದ್ದು ಎಂದಳು. ಕರಿಗೋಟಿನ ರಾಶಿ ಹುಟ್ಟುವುದು ಹೀಗೆಯೇ.

ಏಳುನೂರು, ಸಾವಿರದ ಮುನ್ನೂರು ರೂಪಾಯಿಯ ಡಬ್ಬಗಳು ಈ ಸಂಜೆಯನ್ನು ನನಗೆ ಕೊಡಲಿಲ್ಲ. ಕಣ್ಣು ಎಂಬ ಲೆಕ್ಕವನ್ನು ಯಾರೂ ಡಬ್ಬದ ಮೇಲೆ ಅಚ್ಚು ಹಾಕಿರಲಿಲ್ಲ.

ಆಡಿಸುವವರಿಗೆ ಒಂದೆರಡು ಮಾತು. ಇದು ಯಾವ ಬಣ್ಣ ಎಂದು ಪರೀಕ್ಷೆ ಮಾಡಬೇಡಿ. ಇದನ್ನು ಇಲ್ಲಿ ಯಾಕೆ ಹಾಕಿದೆ ಎಂದು ಕೇಳಿ, ಉತ್ತರ ಬಂದ ಮೇಲೆ ಸುಮ್ಮನಿರಿ. ನೀವೇ ಎರಡು ರಾಶಿ ಮಾಡಿ, ನನ್ನ ಲೆಕ್ಕ ಏನು ಹೇಳು ಎಂದು ಕೇಳುವುದೂ ಒಳ್ಳೆಯ ಆಟ, ನಮ್ಮಲ್ಲಿ ಮಗಳಿಗೆ ಅದೇ ಹೆಚ್ಚು ಖುಷಿ. ಸ್ವಲ್ಪ ದೊಡ್ಡವರಾದ ಮೇಲೆ ಹಗ್ಗದ ಎರಡು ಬಳೆಗಳನ್ನು ಒಂದರ ಮೇಲೊಂದು ಅರ್ಧ ಬರುವಂತೆ ಹಾಸಿ, ಒಂದರೊಳಗೆ ಕಪ್ಪು, ಇನ್ನೊಂದರೊಳಗೆ ನಾಲ್ಕು ತೂತಿನವು ಎಂದು ಹೇಳಿ. ನಾಲ್ಕು ತೂತಿನ ಕಪ್ಪು ಗುಂಡಿ ಎಲ್ಲಿಗೆ? ನಮ್ಮವಳು ಸದ್ಯಕ್ಕೆ ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾಳೆ. ಗುಂಡಿಗಳು ಹೆಚ್ಚೋ ಬಿಳಿ ಗುಂಡಿಗಳು ಹೆಚ್ಚೋ ಎಂದು ಕೇಳಿದರೆ ಬಿಳಿ ಗುಂಡಿಗಳು ಎನ್ನುತ್ತಾಳೆ. ಹೂಗಳು ಹೆಚ್ಚೋ ಗುಲಾಬಿಗಳು ಹೆಚ್ಚೋ ಎಂಬ ಇಂಥದೇ ಪ್ರಶ್ನೆಗೆ ಏಳರ ಆಸುಪಾಸಿನವರೆಗೂ ಮಕ್ಕಳು ಹೀಗೆಯೇ ಉತ್ತರಿಸುತ್ತಾರೆಂದು ಪಿಯಾಜೆ ತೋರಿಸಿದ್ದರು. ಗಾಬರಿಯಾಗಬೇಡಿ, ತಿದ್ದಲೂ ಹೋಗಬೇಡಿ.

ಈಗ ಅಪಾಯ. ಮೂರು ವರ್ಷದೊಳಗಿನವರ ಆಟಿಕೆಯ ಯಾವ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು ಎಂದು ಅಳೆಯಲು 31.7 ಮಿಲಿಮೀಟರ್ ವ್ಯಾಸದ ಒಂದು ಅಳತೆ ಕೊಳವೆ ಇದೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಆ ವಯಸ್ಸಿಗೆ ಸಲ್ಲದು. ಗುಂಡಿಯನ್ನು ಲೈನ್ ಲೆಕ್ಕದಲ್ಲಿ ಅಳೆಯುತ್ತಾರೆ, 40 ಲೈನಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಶರಟಿನದು 18 ಲೈನಿನ ಆಚೀಚೆ. ಒಂದು ಇಂಚಿನ ದೊಡ್ಡ ಕೋಟಿನ ಗುಂಡಿಯೂ ಆ ಕೊಳವೆಯೊಳಗೆ ಸಲೀಸಾಗಿ ಇಳಿಯುತ್ತದೆ. ನಮ್ಮ ಡಬ್ಬದಲ್ಲಿರುವ ಒಂದೇ ಒಂದು ಗುಂಡಿಯೂ ತಮ್ಮನ ಮಗನಿಗೆ ಸುರಕ್ಷಿತವಲ್ಲ. ಹಾಗಾಗಿ ಅವನು ಮಲಗಿದ ಮೇಲೆಯೇ ಆಟ, ಅದೂ ಮೇಜಿನ ಮೇಲೆ, ದೊಡ್ಡವರೊಬ್ಬರು ಪಕ್ಕದಲ್ಲಿದ್ದಾಗ. ಮುಗಿದ ಕೂಡಲೇ ನೆಲ ಗುಡಿಸಿ, ತಿರುಪಿನ ಮುಚ್ಚಳದ ಡಬ್ಬಕ್ಕೆ ತುಂಬಿ, ಕಪಾಟಿನ ಮೇಲಿನ ಅರೆಗೆ. ಇದಕ್ಕಿಂತಲೂ ಕೆಟ್ಟದ್ದು ಗಡಿಯಾರ, ರಿಮೋಟುಗಳ ಗುಂಡಿ ಬ್ಯಾಟರಿ. ನೋಡಲು ಲೋಹದ ಗುಂಡಿಯೇ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಲ್ಲದು. ಮನೆಯ ಚಿಲ್ಲರೆ ಸಾಮಾನಿನ ಡಬ್ಬದಿಂದ ಗುಂಡಿ ಆಯುವವರು ಇದನ್ನು ಎರಡು ಸಲ ನೋಡಬೇಕು.

ಯಾರಿಗೆ ಯಾವುದು

ನನ್ನ ಲೆಕ್ಕ ನನ್ನ ದಿನಚರಿಯ ಮೇಲಿದೆ. ಅಂಗಡಿ ಮುಚ್ಚಿ ಬಂದ ಮೇಲೆ ಅರ್ಧ ಗಂಟೆ ಮಗಳ ಪಕ್ಕ ಕೂರುವುದು ನನಗೆ ಸಾಧ್ಯ, ಸಾವಿರದ ಮುನ್ನೂರು ರೂಪಾಯಿ ಆಟಿಕೆಗೆ ಕೊಡುವುದು ಈ ವರ್ಷದ ಫಸಲಿನಲ್ಲಿ ಅಸಾಧ್ಯ. ಪಕ್ಕದಲ್ಲಿ ಕೂರಲು ಸಮಯವಿಲ್ಲ, ಹಣ ಇದೆ ಎನ್ನುವವರು ಮರದ ಸೆಟ್ ತೆಗೆದುಕೊಳ್ಳಿ, ಚೂರುಗಳು ದೊಡ್ಡವು, ಗುಂಡಿಯಷ್ಟು ಕಾವಲು ಬೇಡ. ಮೂರರೊಳಗಿನ ಮಗು ಮಾತ್ರ ಇರುವ ಮನೆಗೆ ತೂತಿನ ಪೆಟ್ಟಿಗೆ ಸಾಕು. ಅದೂ ಬೇಡವಾದರೆ ಅಡುಗೆಮನೆಯ ಮುಚ್ಚಳ, ಸೌಟು, ಗೆರಟೆ ಕೊಡಿ. ಕರಡಿಯನ್ನು ಯಾರಿಗೂ ಹೇಳುವುದಿಲ್ಲ.

ಗುಂಡಿ ತರುವವರು ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಜೊತೆ ತಪ್ಪಿದವು ಎಂದೇ ಕೇಳಿ, ಪ್ಯಾಕೆಟ್ಟಿನದು ಕೊಳ್ಳಬೇಡಿ, ಅದರಲ್ಲಿ ಎಲ್ಲವೂ ಒಂದೇ ಥರ. ಪರಿಚಯದ ದರ್ಜಿ ಇದ್ದರೆ ಪುಕ್ಕಟೆಯೂ ಸಿಗುತ್ತದೆ. ಬಟ್ಟೆ ಸುತ್ತಿದ್ದು, ಕೊಂಡಿಯದ್ದು, ಮರದ್ದು, ಕೋಟಿನದು ಎಲ್ಲ ಸ್ವಲ್ಪ ಸ್ವಲ್ಪವಾದರೂ ಇರಬೇಕು. ಶರಟಿನ ಬಿಳಿ ಗುಂಡಿಯನ್ನೇ ತುಂಬಿ ತೂಕ ಮಾಡಿಕೊಡಲು ಬಂದರೆ ತಟ್ಟೆಯಿಂದ ಹಿಂದಕ್ಕೆ ಸುರಿಸಿ.